ಅಡಕತ್ತರಿಯ ಚೀಲ

ಈ ಸಲ ಮಹಾನವಮಿಗೆ ನಮ್ಮ ಕಣಗಿನಹಾಳದ ಮನೆಯಲ್ಲಿ ಖಂಡೇಪೂಜೆಗೆ ಹತಿಯಾರಗಳನ್ನು ಜೋಡಿಸುತ್ತಿದ್ದೆವು. ಹತಿಯಾರ ಎಂದ ಕೂಡಲೇ ಗಾಬರಿಯಾಗಬೇಡಿ. ಕುಡಗೋಲು, ಕೊಡಲಿ, ಸಲಿಕೆ, ಕುರ್ಪಿ, ಮಗನ ಸ್ಪ್ಯಾನರುಗಳು, ಸೊಸೆಯ ಈಳಿಗೆ, ಇಷ್ಟೇ. ಎಲ್ಲವನ್ನೂ ತೊಳೆದು ವಿಭೂತಿ ಹಚ್ಚಿ ಕಂಬಳಿಯ ಮೇಲೆ ಸಾಲಾಗಿ ಇಡುವ ಕೆಲಸ ಮೊಮ್ಮಗನದು. ಹುಬ್ಬಳ್ಳಿಯಲ್ಲಿ ಎಂಟನೆಯ ತರಗತಿ ಓದುತ್ತಾನೆ, ರಜೆಗೆ ಬಂದಿದ್ದ. ಅಡಕತ್ತರಿ ತರಲು ಅಡುಗೆಮನೆಗೆ ಹೋದವನು ಅದರ ಚೀಲವನ್ನೇ ಹಿಡಿದುಕೊಂಡು ಹೊರಗೆ ಬಂದ.

"ಅಜ್ಜಾ, ಅಡಕತ್ತರಿಗೆ ಇಂಥಾ ಚೀಲ ಯಾರು ಹೊಲಿತಾರ? ಇದು ಪಿಸ್ತೂಲಿನ ಚೀಲ ಐತಿ."

"ಪಿಸ್ತೂಲಿಂದಲ್ಲೋ, ರಿವಾಲ್ವರ್‌ದು," ಅಂದೆ.

ಅಷ್ಟು ಹೇಳಿದ್ದೇ ತಪ್ಪಾಯಿತು. ಪೂಜೆ ಮುಗಿಯುವವರೆಗೂ ಹುಡುಗ ನನ್ನ ಬೆನ್ನು ಬಿಡಲಿಲ್ಲ. ಬನ್ನಿ ಮುಡಿಯುವ ದಿನವೂ ಬಿಡಲಿಲ್ಲ. ಆದ್ದರಿಂದ ಈ ವಾರದ ಮಾತು ಆ ಚೀಲದ್ದೇ.

ಮೊದಲು ಪಿಸ್ತೂಲಿಗೂ ರಿವಾಲ್ವರಿಗೂ ಇರುವ ವ್ಯತ್ಯಾಸ ಹೇಳಿಬಿಡುತ್ತೇನೆ, ಮಕ್ಕಳೇ. ರಿವಾಲ್ವರಿನಲ್ಲಿ ಗುಂಡುಗಳು ಕೂಡುವುದು ಒಂದು ದಪ್ಪ ಉರುಳೆಯಲ್ಲಿ. ಅದರಲ್ಲಿ ಐದೋ ಆರೋ ತೂತಿನ ಮನೆಗಳು. ಒಂದು ಗುಂಡು ಹಾರಿದ ಮೇಲೆ ಉರುಳೆ ಒಂದು ಮನೆ ತಿರುಗಿ ಮುಂದಿನ ಗುಂಡನ್ನು ನಳಿಗೆಯ ನೇರಕ್ಕೆ ತಂದು ನಿಲ್ಲಿಸುತ್ತದೆ. ತಿರುಗುವುದರಿಂದಲೇ ರಿವಾಲ್ವರ್ ಎಂಬ ಹೆಸರು. ಈ ತಿರುಗುವ ಉಪಾಯವನ್ನು ಪಳಗಿಸಿ ಹೆಸರು ಮಾಡಿದವನು ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್. 1830ರಲ್ಲಿ, ಹದಿನಾರರ ಹುಡುಗ, ಬಾಸ್ಟನ್ನಿನಿಂದ ಕಲ್ಕತ್ತೆಗೆ ಹೊರಟ ಹಡಗಿನಲ್ಲಿ ಕೆಲಸಕ್ಕೆ ಸೇರಿದ್ದ. ಹಡಗಿನ ಚುಕ್ಕಾಣಿಯ ಚಕ್ರ ತಿರುಗಿ ಒಂದೊಂದು ಅರೆಕಾಲು ಒಂದೇ ಕಡೆ ಬಂದು ನಿಲ್ಲುವುದನ್ನು ನೋಡಿ ಅವನಿಗೆ ಈ ಯೋಚನೆ ಹೊಳೆಯಿತೆಂದೂ, ಹಡಗಿನಲ್ಲೇ ಕಟ್ಟಿಗೆ ಕೆತ್ತಿ ಮಾದರಿ ಮಾಡಿದನೆಂದೂ ಹೇಳುತ್ತಾರೆ. 1836ರಲ್ಲಿ ಅಮೆರಿಕದ ಪೇಟೆಂಟು ಸಿಕ್ಕಿತು. ಕಲ್ಕತ್ತೆಗೆ ಬರುವ ಹಡಗಿನಲ್ಲಿ ಹುಟ್ಟಿದ ಯೋಚನೆ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಇಂಗ್ಲಿಷ್ ಅಧಿಕಾರಿಗಳ ಸೊಂಟ ಏರಿ ಭಾರತಕ್ಕೇ ಬಂದಿಳಿಯಿತು.

ಬಂದ ಹೊತ್ತು ಎಂಥದು ನೋಡಿ. 1857ರಲ್ಲಿ ಸರಕಾರ ಜನರ ಕೈಯ ಹತಿಯಾರಗಳನ್ನು ಕಸಿಯುವ ಕಾಯ್ದೆ ತಂದಿತು. ಈಗಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ಕೊಡುವುದಿಲ್ಲ ಎಂದರು. ಬೇಟೆಯೇ ಬಾಳುವೆಯಾದವರಿಗೆ ಹತಿಯಾರ ಕೊಡು ಎಂದರೆ ಕೈ ಕಡಿದು ಕೊಡು ಎಂದ ಹಾಗೆ. ಆ ವರ್ಷದ ನವೆಂಬರಿನಲ್ಲಿ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಮರುವರ್ಷ ನಮ್ಮ ಮುಂಡರಗಿಯ ಭೀಮರಾಯರು ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಸತ್ತರು. ನರಗುಂದದ ಬಾಬಾಸಾಹೇಬರನ್ನು ಅದೇ ಜೂನಿನಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಹಲಗಲಿಯ ಬೇಡರ ಲಾವಣಿಯನ್ನು ನಮ್ಮವರು ಹಾಡುತ್ತಲೇ ಇದ್ದರು. ಅದನ್ನು ಬರೆದುಕೊಂಡು ಅಚ್ಚು ಹಾಕಿಸಿದವನು ಮಾತ್ರ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ. ಒಬ್ಬ ಇಂಗ್ಲಿಷಿನವನು ಹತಿಯಾರ ಕಸಿದ, ಇನ್ನೊಬ್ಬ ಹಾಡು ಕಾಯ್ದ!

ಆಮೇಲೆ 1878ರ ಕಾಯ್ದೆ ಬಂತು. ಭಾರತೀಯರಿಗೆ ಬಂದೂಕು ಬೇಕೆಂದರೆ ಲೈಸೆನ್ಸು ಬೇಕು, ಯುರೋಪಿನವರಿಗೆ ಬೇಡ. ಇಂಥ ಕಾಲದಲ್ಲಿ ನಮ್ಮ ಮುತ್ಯಾ, ಅಂದರೆ ನನ್ನ ತಂದೆಯ ತಂದೆ, ಒಂದು ರಿವಾಲ್ವರಿಗೆ ಲೈಸೆನ್ಸು ಪಡೆದಿದ್ದರು. ಆಗ ಗದಗವೆಲ್ಲ ಧಾರವಾಡ ಜಿಲ್ಲೆಯಲ್ಲಿತ್ತು, ಲೈಸೆನ್ಸು ಕೊಡುವ ಕಲೆಕ್ಟರು ಕೂಡುತ್ತಿದ್ದುದು ಧಾರವಾಡದಲ್ಲಿ. ಹತ್ತಿಯ ಸುಗ್ಗಿಯಲ್ಲಿ ಗದಗಿನ ಪೇಟೆಗೆ ಗಾಡಿ ಹೊಡೆದು, ಮಾರಿದ ರೊಕ್ಕವನ್ನು ಸೊಂಟಕ್ಕೆ ಕಟ್ಟಿಕೊಂಡು ರಾತ್ರಿ ತಿರುಗಿ ಬರಬೇಕು. ದಾರಿಯಲ್ಲಿ ಕಳ್ಳರ ಅಂಜಿಕೆ. ಅದಕ್ಕೆಂದು ತೆಗೆದುಕೊಂಡದ್ದು. ನನಗೆ ತಿಳಿದ ಮಟ್ಟಿಗೆ ಅವರು ಅದನ್ನು ಯಾರ ಮೇಲೂ ಹಾರಿಸಲಿಲ್ಲ. ಮುತ್ಯಾನ ಹತ್ತಿರ ಅದು ಇದೆ ಎಂಬ ಸುದ್ದಿಯೇ ಸಾಕಾಗುತ್ತಿತ್ತಂತೆ.

ಅದು ದೊಡ್ಡದೇನಲ್ಲ. ಮೋಟು ನಳಿಗೆ, ಗಿಡ್ಡ ಹಿಡಿಕೆ, ಅಂಗೈಗಿಂತ ತುಸು ಉದ್ದ. ಐದು ಗುಂಡಿನದು. ಇಂಥವಕ್ಕೆ ಬುಲ್‌ಡಾಗ್ ಎಂದು ಹೆಸರು. ನಾಯಿಯ ಮೋರೆಯ ಹಾಗೆ ಮೂತಿ ಮೋಟು, ಮೈ ಗಟ್ಟಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಂಪನಿ 1872ರಲ್ಲಿ ಇದನ್ನು ಮಾರಾಟಕ್ಕೆ ತಂದಿತು. ಅಂಗಿಯ ಜೇಬಿನಲ್ಲಿ ಹಿಡಿಯುತ್ತದೆ, ಬೆಲೆ ಕಡಿಮೆ. ಬಹಳ ಓಡಿತು. ಬೆಲ್ಜಿಯಮ್ಮಿನವರು ನಕಲು ಮಾಡಿದರು, ಅಮೆರಿಕದವರೂ ಮಾಡಿದರು. ಹಲವುಗಳ ಮೇಲೆ ಬ್ರಿಟಿಷ್ ಬುಲ್‌ಡಾಗ್ ಎಂದೇ ಕೆತ್ತನೆ! ಕಲ್ಕತ್ತೆ, ಮುಂಬಯಿಗಳ ಬಂದೂಕಿನ ಅಂಗಡಿಯವರು ಇಂಗ್ಲೆಂಡಿನಿಂದ ತರಿಸಿದ ರಿವಾಲ್ವರುಗಳ ಮೇಲೆ ತಮ್ಮ ಅಂಗಡಿಯ ಹೆಸರನ್ನೂ ಕೆತ್ತಿಸುತ್ತಿದ್ದರು, ನಮ್ಮಲ್ಲಿ ಪಾತ್ರೆಯ ಮೇಲೆ ಹೆಸರು ಹಾಕಿಸುವ ಹಾಗೆ.

ಆ ಸಂಜೆ ಮೊಮ್ಮಗ ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಇಂಗ್ಲೆಂಡಿನ ಯಾವುದೋ ಹರಾಜಿನದು. ನೋಡಿದ ಕೂಡಲೇ ಎದೆ ಝಲ್ಲೆಂದಿತು. ಅದೇ ಮೋಟು ಮೋರೆ, ಅದೇ ಗೀರು ಗೀರಿನ ಹಿಡಿಕೆ. ಪೌಂಡಿನಲ್ಲಿದ್ದ ಬೆಲೆಯನ್ನು ಹುಡುಗ ರೂಪಾಯಿಗೆ ಗುಣಿಸಿ ಹೇಳಿದ. ಒಂದು ಒಳ್ಳೆಯ ಎತ್ತು ಬರುವಷ್ಟಾಯಿತು.

"ಅಜ್ಜಾ, ನಮ್ದು ಎಲ್ಲಿ ಐತಿ?"

"ಮಾರಿದ್ವಿ."

"ಎಷ್ಟಕ್ಕ?"

"ನೂರಾ ಐವತ್ತಕ್ಕ."

ಹುಡುಗ ನನ್ನನ್ನು ಎಂಥ ಮೋರೆ ಮಾಡಿ ನೋಡಿದ ಅಂತೀರಿ!

ಅವನದೇನೂ ತಪ್ಪಿಲ್ಲ. ಈ ಬುಲ್‌ಡಾಗಿನಂಥ ರಿವಾಲ್ವರುಗಳನ್ನು ಬಹಳ ಕಾಲ ಸಂಗ್ರಹಕಾರರೂ ಕಣ್ಣೆತ್ತಿ ನೋಡಿರಲಿಲ್ಲ. ಅವರ ಆಸೆ ಎಲ್ಲ ಕೋಲ್ಟ್ ಕಂಪನಿಯ ಉದ್ದ ನಳಿಗೆಯವುಗಳ ಮೇಲೆ, ಬೆಳ್ಳಿ ಕೆತ್ತನೆಯವುಗಳ ಮೇಲೆ. ಬುಲ್‌ಡಾಗು ಸಾಮಾನ್ಯರ ಜೇಬಿನ ಸಾಮಾನು, ಗುರಿ ಸರಿ ಇಲ್ಲ, ಕುದುರೆ ಎಳೆಯಲು ಬಿಗಿ ಎಂದು ಮೂಲೆಗೆ ತಳ್ಳಿದ್ದರು. ಕುದುರೆ ಎಂದರೆ ಬೆರಳಿನಿಂದ ಎಳೆಯುವ ಕೊಕ್ಕೆ, ಅದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಎರಡನೆಯ ಮಹಾಯುದ್ಧದ ಇಂಗ್ಲಿಷ್ ಎನ್‌ಫೀಲ್ಡ್ ರಿವಾಲ್ವರಿಗೂ ಇದೇ ಗತಿ. ರಣಗಾಡಿಯೊಳಗೆ ಕೂಡುವ ಸೈನಿಕರಿಗೆ ತೊಡಕಾಗದಿರಲಿ ಎಂದು ಅದರ ಸುತ್ತಿಗೆಯ ಬಾಲವನ್ನೇ ತೆಗೆದು ಮಾಡಿದ್ದರು. ಅದರಿಂದ ಪ್ರತಿ ಗುಂಡಿಗೂ ಕುದುರೆಯನ್ನೇ ಪೂರ್ತಿ ಎಳೆಯಬೇಕಾಯಿತು. ಚೆಂದವಿಲ್ಲ, ಒರಟು ಎಂದು ಸಂಗ್ರಹಕಾರರು ಮುಖ ತಿರುಗಿಸಿದರು. ಲಾರಿ ತಯಾರಿಸುತ್ತಿದ್ದ ಗ್ಲಾಸ್ಗೋದ ಆಲ್ಬಿಯನ್ ಕಂಪನಿಯೂ ಯುದ್ಧಕಾಲದಲ್ಲಿ ಆ ರಿವಾಲ್ವರ್ ಮಾಡಿಕೊಟ್ಟಿತ್ತು. ಲಾರಿ ಕಂಪನಿ ಮಾಡಿದ್ದೆಂದರೆ ಯಾರು ಮೂಸುತ್ತಾರೆ? ಈಗ ಅದನ್ನೇ ಹುಡುಕಿಕೊಂಡು ಹೋಗುತ್ತಾರೆ. ರಷ್ಯಾದ ನಗಾಂತ್ ರಿವಾಲ್ವರಂತೂ ಗೋದಾಮುಗಳಲ್ಲಿ ಪೆಟ್ಟಿಗೆಗಟ್ಟಲೆ ಬಿದ್ದಿದ್ದು, ಅಮೆರಿಕದಲ್ಲಿ ತೀರ ಅಗ್ಗಕ್ಕೆ ಸಿಗುತ್ತಿತ್ತು. ಅದೂ ಈಗ ಅಗ್ಗವಿಲ್ಲ.

ಯಾಕೆ ಹೀಗಾಯಿತು? ದೊಡ್ಡ ಹೆಸರಿನವು ಕೈಗೆಟುಕದಷ್ಟು ದುಬಾರಿಯಾದವು ಎಂಬುದೊಂದು. ಉಳಿದವು ಕಡಿಮೆಯಾದವು ಎಂಬುದು ಇನ್ನೊಂದು, ಅದೇ ದೊಡ್ಡದು. ಬ್ರಿಟನ್ನಿನಲ್ಲಿ 1996ರಲ್ಲಿ ಒಂದು ಶಾಲೆಯಲ್ಲಿ ಮಕ್ಕಳ ಮೇಲೆ ಗುಂಡು ಹಾರಿದ ಘೋರ ನಡೆಯಿತು. ಮರುವರ್ಷ ಕೈಬಂದೂಕುಗಳನ್ನೇ ನಿಷೇಧಿಸಿದರು. ಒಂದೂವರೆ ಲಕ್ಷಕ್ಕಿಂತ ಹೆಚ್ಚು ಕೈಬಂದೂಕುಗಳನ್ನು ಜನ ಸರಕಾರಕ್ಕೆ ಒಪ್ಪಿಸಿದರು. ನನ್ನನ್ನು ಕೇಳಿದರೆ ಒಳ್ಳೆಯದನ್ನೇ ಮಾಡಿದರು. ಆದರೆ ಅದಕ್ಕೆ ಹಾಕುವ ಗುಂಡು ಈಗ ತಯಾರಾಗುವುದೇ ಇಲ್ಲ ಎಂಬಂಥ ತೀರ ಹಳೆಯವನ್ನು ಪುರಾತನ ವಸ್ತು ಎಂದು ಇಟ್ಟುಕೊಳ್ಳಲು ಅಲ್ಲಿ ಅವಕಾಶವಿದೆ. ಅಮೆರಿಕದಲ್ಲಿ 1899ಕ್ಕಿಂತ ಮೊದಲು ತಯಾರಾದದ್ದು ಪುರಾತನ. ಅಂದರೆ 1898ರಲ್ಲಿ ಹುಟ್ಟಿದ ರಿವಾಲ್ವರಿಗೆ ಒಂದು ನ್ಯಾಯ, 1899ರಲ್ಲಿ ಹುಟ್ಟಿದ ಅದರ ತಮ್ಮನಿಗೆ ಇನ್ನೊಂದು. ಹೀಗೆ ಒಂದು ಕಾಲಕ್ಕೆ ಯಾರೂ ಕೇಳದಿದ್ದ ಮುದುಕರಿಗೆಲ್ಲ ಮರ್ಯಾದೆ ಬಂತು. (ನಮ್ಮಂಥ ಮುದುಕರಿಗೆ ಯಾವಾಗಲೋ!)

ನಮ್ಮ ದೇಶದ ಲೆಕ್ಕ ಬೇರೆ. 1980ರ ದಶಕದಲ್ಲಿ ಹೊರದೇಶದ ಬಂದೂಕು ತರಿಸುವುದಕ್ಕೆ ತಡೆ ಬಿತ್ತು. ಆಮೇಲೆ ಇಲ್ಲಿ ಉಳಿದಿದ್ದ ಹಳೆಯ ವೆಬ್ಲಿಗಳ ಬೆಲೆ ಏರಿತು. ಆದರೆ ಸುಮ್ಮನೆ ಕೊಂಡು ಕಪಾಟಿನಲ್ಲಿ ಇಡುವಂತಿಲ್ಲ. ಎಷ್ಟೇ ಹಳೆಯದಿರಲಿ, ಹಾರಿಸಲು ಬರುವಂತಿದ್ದರೆ ಅಥವಾ ದುರಸ್ತಿ ಮಾಡಿ ಹಾರಿಸಬಹುದಾದರೆ ಅದು ಬಂದೂಕೇ, ಲೈಸೆನ್ಸು ಬೇಕೇ ಬೇಕು. 2019ರ ತಿದ್ದುಪಡಿಯ ಮೇಲೆ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಇರುವಂತಿಲ್ಲ, ಮೊದಲು ಮೂರಿತ್ತು. ಅಜ್ಜನದು, ಮುತ್ತಜ್ಜನದು ಎಂದು ಮೂರು ಇಟ್ಟುಕೊಂಡಿದ್ದ ಮನೆಗಳವರು ಯಾವುದನ್ನು ಬಿಡುವುದೆಂದು ತಲೆ ಕೆಡಿಸಿಕೊಂಡರು. ಇನ್ನು ನೂರು ವರ್ಷ ದಾಟಿದ ಪುರಾತನ ವಸ್ತುಗಳನ್ನು ದೇಶದ ಹೊರಗೆ ಸಾಗಿಸುವುದಕ್ಕೆ 1972ರ ಬೇರೆ ಕಾಯ್ದೆಯ ತಡೆಯಿದೆ.

ಹಳೆಯ ಮನೆ ಕೆಡವುವಾಗ ಅಟ್ಟದಲ್ಲಿ ಇಂಥದ್ದೇನಾದರೂ ಸಿಕ್ಕರೆ ಮುಟ್ಟಬೇಡಿ, ಮಕ್ಕಳೇ. ಹಿರಿಯರನ್ನು ಕರೆಯಿರಿ. ಹಿರಿಯರೇ, ನೀವು ಪೊಲೀಸರನ್ನು ಕರೆಯಿರಿ. ಅದರ ಬಗ್ಗೆ ನಮ್ಮ ಮನೆಯದೇ ಒಂದು ಕತೆ ಇದೆ, ಸ್ವಲ್ಪ ತಡೆಯಿರಿ.

ಅಟ್ಟದ ಮಾತು ಬಂತಲ್ಲ. 2019ರಲ್ಲಿ ಇಂಗ್ಲೆಂಡಿನ ಬರ್ಕ್‌ಷೈರಿನ ಒಂದು ಮನೆಯ ಅಟ್ಟದಲ್ಲಿ ಟಿಪ್ಪು ಸುಲ್ತಾನನ ಕಾಲದ ಕತ್ತಿಗಳೂ ಬೆಳ್ಳಿ ಹೊದಿಸಿದ ಒಂದು ಬಂದೂಕೂ ಸಿಕ್ಕವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕಂಪನಿಯ ಒಬ್ಬ ಮೇಜರು ಒಯ್ದವು. ತಲೆತಲಾಂತರ ದಾಟಿ ಅಟ್ಟ ಸೇರಿ ಮರೆತುಹೋಗಿದ್ದವು. ಆ ಬಂದೂಕೊಂದೇ ಹರಾಜಿನಲ್ಲಿ 60,000 ಪೌಂಡಿಗೆ ಹೋಯಿತು. ಟಿಪ್ಪುವಿನ ಮಲಗುವ ಕೋಣೆಯ ಕತ್ತಿ 2023ರಲ್ಲಿ ಲಂಡನ್ನಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು ಎಂದರೆ ಸೊನ್ನೆ ಎಣಿಸುವುದರಲ್ಲೇ ನನ್ನಂಥವನಿಗೆ ಸಾಕಾಗುತ್ತದೆ.

ನನಗೆ ಅದಕ್ಕಿಂತ ಹಿಡಿಸುವುದು ಶಿವಮೊಗ್ಗ ಜಿಲ್ಲೆಯ ನಗರದ ಕತೆ. ಹೊಸನಗರ ತಾಲ್ಲೂಕಿನ ಈ ಊರು ಕೆಳದಿ ಅರಸರ ಬಿದನೂರು. 1763ರಲ್ಲಿ ಹೈದರ ಗೆದ್ದುಕೊಂಡು ತನ್ನ ಹೆಸರಿಟ್ಟ. ಅಲ್ಲಿ 2002ರಲ್ಲಿ ಒಂದು ಹಳೆಯ ಬಾವಿಯಿಂದ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕವು, ಸುಮಾರು 160. ನೋಡಿದವರು ಯಾವುದೋ ಮದ್ದಿನ ಗುಂಡು ಎಂದುಕೊಂಡರು. ಶಿವಮೊಗ್ಗದ ವಸ್ತುಸಂಗ್ರಹಾಲಯ ಸೇರಿ ಅವು ಕೆಲವು ವರ್ಷ ಹಾಗೆಯೇ ಇದ್ದವು. ಆಮೇಲೆ ತಿಳಿದವರು ನೋಡಿ, ಇವು ಮೈಸೂರಿನ ರಾಕೆಟ್ಟುಗಳು ಎಂದರು. ಇತಿಹಾಸದ ಪುಸ್ತಕದಲ್ಲಿ ಓದುತ್ತೀರಲ್ಲ, ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಬಿದಿರಿನ ಗಳಕ್ಕೆ ಕಟ್ಟಿ ಹಾರಿಸುತ್ತಿದ್ದ ಹೈದರ, ಟಿಪ್ಪುವಿನ ಬಾಣಗಳು, ಅವೇ. 2018ರ ಜುಲೈಯಲ್ಲಿ ಪುರಾತತ್ವ ಇಲಾಖೆಯವರು ನಗರದಲ್ಲಿ ಪಾಳುಬಾವಿಯನ್ನು ಅಗೆದರು. ಮಣ್ಣಿಗೆ ಮದ್ದಿನ ವಾಸನೆ ಬರುತ್ತಿತ್ತಂತೆ. ಮೂರು ದಿನ ಅಗೆದಾಗ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಹೊರಬಂದವು! ಇಂಗ್ಲಿಷರು ಇವನ್ನು ತಮ್ಮ ದೇಶಕ್ಕೆ ಒಯ್ದು, ಅದರ ಮೇಲಿಂದ ಕಾಂಗ್ರೀವ್ ಎಂಬವನು ತನ್ನ ರಾಕೆಟ್ಟು ಮಾಡಿದ. ನಮ್ಮ ಅಬ್ದುಲ್ ಕಲಾಂ ಅವರು ತರುಣರಾಗಿದ್ದಾಗ ಅಮೆರಿಕದ ವಾಲಪ್ಸ್ ರಾಕೆಟ್ ಕೇಂದ್ರಕ್ಕೆ ಹೋಗಿದ್ದರಲ್ಲ, ಅಲ್ಲಿಯ ಗೋಡೆಯ ಮೇಲೆ ಟಿಪ್ಪುವಿನ ರಾಕೆಟ್ ಯುದ್ಧದ ಚಿತ್ರ ಕಂಡು ಬೆರಗಾದದ್ದನ್ನು ತಮ್ಮ ಆತ್ಮಕತೆಯಲ್ಲಿ ಬರೆದಿದ್ದಾರೆ. ಅಮೆರಿಕದ ಗೋಡೆಯ ಮೇಲೆ ಚಿತ್ರ ತೂಗುತ್ತಿದ್ದಾಗ ನಿಜವಾದ ರಾಕೆಟ್ಟುಗಳು ಮಲೆನಾಡಿನ ಬಾವಿಯ ಕೆಸರಿನಲ್ಲಿ ಮಲಗಿದ್ದವು.

ಇದನ್ನೆಲ್ಲ ಹೇಳಿದ ಮೇಲೂ ಮೊಮ್ಮಗ ತನ್ನ ಪ್ರಶ್ನೆಗೇ ಬಂದ. "ಅವು ಸಿಕ್ಕಂಗ ನಮ್ದೂ ಸಿಗಬೌದಲ್ಲಜ್ಜಾ?"

"ಸಿಕ್ಕರೂ ಅದು ನಮ್ದ ಅಂತ ಹೆಂಗ ಗುರ್ತು ಹಿಡಿತಿ?" ಎಂದು ಕೇಳಿದೆ.

ಅವನು ಸುಮ್ಮನಾದ. ಅವನಿಗೆ ಭಗತ್ ಸಿಂಗರ ಪಿಸ್ತೂಲಿನ ಕತೆ ಹೇಳಿದೆ. 1928ರ ಡಿಸೆಂಬರ್ 17ರಂದು ಲಾಹೋರಿನಲ್ಲಿ ಸ್ಯಾಂಡರ್ಸ್ ಎಂಬ ಪೊಲೀಸ್ ಅಧಿಕಾರಿಯ ಮೇಲೆ ಗುಂಡು ಹಾರಿದ ಪ್ರಕರಣದ ಕೋಲ್ಟ್ ಪಿಸ್ತೂಲು ಅದು. ಮೊಕದ್ದಮೆ ಮುಗಿದ ಮೇಲೆ ಕೈಯಿಂದ ಕೈಗೆ ದಾಟುತ್ತ ಇಂದೋರಿನಲ್ಲಿರುವ ಗಡಿ ಭದ್ರತಾ ಪಡೆಯ ಶಸ್ತ್ರ ಶಾಲೆಗೆ ಬಂತು. ಅಲ್ಲಿಯ ಸಂಗ್ರಹದಲ್ಲಿ ಬೇರೆ ಪಿಸ್ತೂಲುಗಳ ನಡುವೆ, ತುಕ್ಕು ಹಿಡಿಯದಿರಲೆಂದು ಬಳಿದ ಕಪ್ಪು ಬಣ್ಣದ ಕೆಳಗೆ, ದಶಕಗಳ ಕಾಲ ಇತ್ತು. ದಿನಾ ಅದರ ಮುಂದೆ ಓಡಾಡಿದವರಿಗೂ ಅದು ಯಾರದೆಂದು ಗೊತ್ತಿರಲಿಲ್ಲ. 2016ರಲ್ಲಿ ಹಳೆಯ ದಾಖಲೆಯ ನಂಬರು ಹಿಡಿದು ಹುಡುಕಿದರು. ಬಣ್ಣ ಕೆರೆದಾಗ 168896 ಎಂಬ ಅಂಕಿ ಕಂಡಿತು. ಆರು ಅಂಕಿ, ಅಷ್ಟೇ. ಆಮೇಲೆ ಅದನ್ನು ಪಂಜಾಬಿನ ಹುಸೇನಿವಾಲಾಕ್ಕೆ ಒಯ್ದು ಇಟ್ಟರು.

ಇದರ ತಿರುವುಮುರುವು ಕತೆಯೂ ಇದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರ ಮೇಲೆ ಒಬ್ಬ ತಲೆಕೆಟ್ಟವನು ಬುಲ್‌ಡಾಗ್ ರಿವಾಲ್ವರಿನಿಂದ ಗುಂಡು ಹಾರಿಸಿದ. ಮುಂದೆ ವಸ್ತುಸಂಗ್ರಹಾಲಯದಲ್ಲಿ ಚೆಂದ ಕಾಣಲಿ ಎಂದು ದಂತದ ಹಿಡಿಕೆಯದನ್ನು ಆರಿಸಿದ ಎಂದು ಕತೆ. ಆ ರಿವಾಲ್ವರು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯಕ್ಕೆ ಹೋದದ್ದೇನೋ ನಿಜ. ಆಮೇಲೆ ಅಲ್ಲಿಂದ ಕಾಣೆಯಾಯಿತು! ಒಂದು ಫೋಟೋ ಮಾತ್ರ ಉಳಿದಿದೆ.

ಸಂಗ್ರಹಕಾರರು ಕಬ್ಬಿಣಕ್ಕಿಂತ ಕಾಗದವನ್ನು ಹೆಚ್ಚು ಕೇಳುವುದು ಇದಕ್ಕೇ. ಯಾರ ಕೈಯಲ್ಲಿತ್ತು, ಯಾವ ಅಂಗಡಿಯಲ್ಲಿ ಕೊಂಡದ್ದು, ಲೈಸೆನ್ಸು ಎಲ್ಲಿ, ನಂಬರೇನು. ಒಂದೇ ದಿನ ಒಂದೇ ಕಾರ್ಖಾನೆಯಲ್ಲಿ ಹುಟ್ಟಿದ ಎರಡು ಬುಲ್‌ಡಾಗುಗಳಲ್ಲಿ ಕಾಗದವಿದ್ದದ್ದಕ್ಕೆ ಬೆಲೆ ಹೆಚ್ಚು. ಇದು ನಮ್ಮೂರಿನವರಿಗೆ ಬೇರೆ ಹೇಳಬೇಕಿಲ್ಲ. ಕಣಗಿನಹಾಳದ ಹೆಸರು ನಿಮ್ಮ ಪುಸ್ತಕಗಳಲ್ಲಿ ಬಂದದ್ದು ಒಂದು ನೋಂದಣಿಯಿಂದ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂತು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಇಲ್ಲಿ ಸಂಘ ಕಟ್ಟಿದರು. ಅದು 1905ರ ಜುಲೈ 8 ಎಂದು ಬರೆದಿಟ್ಟದ್ದರಿಂದ ದೇಶದ ಮೊದಲ ಕೃಷಿ ಸಹಕಾರ ಸಂಘ ನಮ್ಮದು ಎಂದು ಎದೆ ತಟ್ಟಿ ಹೇಳುತ್ತೇವೆ. ತಾರೀಖು ಇಲ್ಲದಿದ್ದರೆ ಯಾರು ನಂಬುತ್ತಿದ್ದರು?

ಇಷ್ಟಾದ ಮೇಲೆ ಸಂದೂಕ ತೆಗೆಯಲೇಬೇಕಾಯಿತು. ತಳದಲ್ಲಿ, ಹೊಲದ ಉತಾರಗಳ ಕೆಳಗೆ, ಮುತ್ಯಾನ ಲೈಸೆನ್ಸಿನ ಪುಸ್ತಕ ಇತ್ತು. ನೇರಳೆ ಶಾಯಿ, ವರ್ಷ ವರ್ಷದ ಠಸ್ಸೆಗಳು. ಒಂದು ಸಾಲಿನಲ್ಲಿ ವೆಬ್ಲಿ ಎಂಬ ಹೆಸರು, ಪಕ್ಕದಲ್ಲಿ ನಂಬರು. ಮೊದಲಿನ ಮೂರು ಅಂಕಿ ಸ್ಪಷ್ಟ. ಕೊನೆಯ ಎರಡು ಅಂಕಿ ಇದ್ದ ಮೂಲೆಯನ್ನು ಇಲಿ ತಿಂದುಬಿಟ್ಟಿತ್ತು.

ಹುಡುಗನಿಗೆ ಅಳುವೇ ಬಂತು. "ನಿಮ್ಮಪ್ಪ ಅದನ್ನ ಯಾಕ ಮಾರಿದ್ರಜ್ಜಾ? ಇಟ್ಕೊಂಡಿದ್ರ ಏನಾಗ್ತಿತ್ತು?"

ಮುತ್ಯಾ ತೀರಿಕೊಂಡದ್ದು 1967ರಲ್ಲಿ. ಲೈಸೆನ್ಸು ಇದ್ದವರು ತೀರಿಕೊಂಡರೆ ಹತಿಯಾರವನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಪೊಲೀಸ್ ಠಾಣೆಯಲ್ಲೋ ಲೈಸೆನ್ಸು ಇರುವ ಅಂಗಡಿಯಲ್ಲೋ ಒಪ್ಪಿಸಬೇಕು, ವಾರಸುದಾರರು ಬೇಕೆಂದರೆ ತಮ್ಮ ಹೆಸರಿಗೆ ಲೈಸೆನ್ಸು ಕೇಳಬೇಕು. 1962ರಿಂದ ಜಾರಿಗೆ ಬಂದ ಹೊಸ ಕಾಯ್ದೆಯೂ ಹೀಗೇ ಹೇಳುತ್ತದೆ. ಅಪ್ಪ ಠಾಣೆಗೆ ಒಪ್ಪಿಸಿದರು, ಮರುವರ್ಷ ಪರವಾನಗಿ ತೆಗೆದು ಶಹರದ ಒಂದು ಬಂದೂಕಿನ ಅಂಗಡಿಗೆ ಮಾರಿದರು. ಅಂಗಡಿಯವನು, ಇದನ್ನ ಯಾರೂ ಕೇಳೂದಿಲ್ರೀ ಎಂದು ಹೇಳಿ ನೂರೈವತ್ತು ಎಣಿಸಿದನಂತೆ. ಆ ಕಾಲಕ್ಕೆ ಅದು ಸುಳ್ಳೂ ಅಲ್ಲ. ಆ ರೊಕ್ಕಕ್ಕೆ ಇನ್ನಷ್ಟು ಕೂಡಿಸಿ ನನಗೆ ಒಂದು ಸೈಕಲ್ಲು ತಂದರು. ಗದಗಿನ ಹೈಸ್ಕೂಲಿಗೆ ಆ ಸೈಕಲ್ಲಿನ ಮೇಲೆಯೇ ಹೋಗಿ ಬಂದೆ. ಅದು ಇಲ್ಲದಿದ್ದರೆ ನಾನು ಓದುತ್ತಿರಲಿಲ್ಲ, ಓದದಿದ್ದರೆ ಮಾಸ್ತರನಾಗುತ್ತಿರಲಿಲ್ಲ, ಪ್ರತಿ ವಾರ ನಿಮಗೆ ಹೀಗೆ ಬರೆಯುತ್ತಲೂ ಇರಲಿಲ್ಲ.

ಆದರೆ ಅಪ್ಪ ಮಾರಿದ್ದು ಸೈಕಲ್ಲಿಗಾಗಿ ಅಲ್ಲ. ಕಾರಣ ನಾನು. ಇದನ್ನು ಮೊಮ್ಮಗನಿಗೆ ಈವರೆಗೆ ಹೇಳಿರಲಿಲ್ಲ, ಮಗನಿಗೂ ಹೇಳಿರಲಿಲ್ಲ.

ಆಗ ನನಗೆ ಒಂಬತ್ತು ವರ್ಷ. ಮುತ್ಯಾ ಮಧ್ಯಾಹ್ನ ಮಲಗಿದಾಗ ಗೂಟಕ್ಕೆ ತೂಗುಹಾಕಿದ್ದ ಚೀಲದಿಂದ ರಿವಾಲ್ವರನ್ನು ಎತ್ತಿಕೊಂಡು ಬಣವಿಯ ಹಿಂದೆ ಓಡಿದೆ. ಅಲ್ಲಿ ಗೆಳೆಯರು ಕಾದಿದ್ದರು. ಗುಂಡು ಇಲ್ಲ ಎಂದು ನಾನೇ ಎಲ್ಲರಿಗೂ ಹೇಳಿದೆ, ಮುತ್ಯಾ ಗುಂಡುಗಳನ್ನು ಬೇರೆ ಡಬ್ಬಿಯಲ್ಲಿ ಇಡುವುದು ನನಗೆ ಗೊತ್ತಿತ್ತು. ಗೆಳೆಯನೊಬ್ಬ ಬಣವಿಗೆ ಬೆನ್ನು ಕೊಟ್ಟು ಕಳ್ಳನಾಗಿ ನಿಂತ. ನಾನು ಫೌಜದಾರ. ಎರಡೂ ಕೈಯಿಂದ ಹಿಡಿದು ಅವನ ಎದೆಗೆ ಗುರಿ ಇಟ್ಟು ಕುದುರೆ ಎಳೆದೆ. ಅದು ಅಲುಗಾಡಲಿಲ್ಲ. ಎರಡು ಬೆರಳು ಹಾಕಿ ಎಳೆದೆ. ತುಸು ಹಿಂದಕ್ಕೆ ಬಂದು ಮತ್ತೆ ಬಿಗಿಯಿತು. ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ಅದನ್ನು ಕಿತ್ತುಕೊಂಡಿತು.

ಮುತ್ಯಾ ಏನೂ ಅನ್ನಲಿಲ್ಲ. ಪಕ್ಕದ ಸಣ್ಣ ಬಾಗಿಲು ತೆಗೆದು ಉರುಳೆಯನ್ನು ಒಂದೊಂದೇ ಮನೆ ತಿರುಗಿಸಿದರು. ಒಂದು ಖಾಲಿ, ಎರಡು ಖಾಲಿ, ಮೂರು ಖಾಲಿ. ನಾಲ್ಕನೆಯ ಮನೆಯಿಂದ ಒಂದು ಗುಂಡು ಜಾರಿ ಅವರ ಅಂಗೈಗೆ ಬಿತ್ತು. ಅದನ್ನು ನನಗೆ ತೋರಿಸಿದರು. ಕೈ ನಡುಗುತ್ತಿತ್ತು, ಅವರದು. ಆಮೇಲೆ ಕಪಾಳಕ್ಕೆ ಒಂದು ಬಿಟ್ಟರು. ಜೀವಮಾನದಲ್ಲಿ ನನಗೆ ಮುತ್ಯಾನ ಕೈಯಿಂದ ಬಿದ್ದದ್ದು ಅದೊಂದೇ ಏಟು. ಆ ಗುಂಡನ್ನು ಯಾವತ್ತು ಹಾಕಿದ್ದರೋ, ತೆಗೆಯಲು ಹೇಗೆ ಮರೆತರೋ. ಅವರು ಅದನ್ನು ಸಾಯುವವರೆಗೂ ತಾವೇ ಮಾಡಿದ ತಪ್ಪು ಎಂದುಕೊಂಡಿದ್ದರು.

ಸಂಗ್ರಹಕಾರರು ಹಳೆಯ ಬುಲ್‌ಡಾಗಿನ ಮೇಲೆ ಹೊರಿಸಿದ ದೂರು ನೆನಪಿದೆಯಲ್ಲ? ಕುದುರೆ ಬಿಗಿ ಎಂಬುದು. ನನ್ನ ಗೆಳೆಯ ಈಗಲೂ ಇದೇ ಊರಿನಲ್ಲಿದ್ದಾನೆ. ನಾಲ್ಕು ಮೊಮ್ಮಕ್ಕಳು ಅವನಿಗೆ. ಮೊನ್ನೆ ಬನ್ನಿ ಕೊಡಲು ನಮ್ಮ ಮನೆಗೆ ಬಂದಿದ್ದ.

ನಮ್ಮ ಅಮ್ಮನಿಗೆ (ಅಜ್ಜಿಗೆ ನಮ್ಮ ಮನೆಯಲ್ಲಿ ಅಮ್ಮ ಎನ್ನುವುದು ರೂಢಿ) ಆ ದಿನದಿಂದ ಅದನ್ನು ಮನೆಯಲ್ಲಿ ನೋಡಲು ಆಗುತ್ತಿರಲಿಲ್ಲ. ಆದರೂ ಮುತ್ಯಾ ಇರುವವರೆಗೆ ಬಾಯಿ ಬಿಡಲಿಲ್ಲ. ಅವರು ಹೋದ ಮೇಲೆ, ಇದು ಹೊಸಲು ದಾಟಲಿ ಎಂದು ಅಪ್ಪನಿಗೆ ಹೇಳಿದವರು ಅಮ್ಮನೇ. ಅಂಗಡಿಯವನಿಗೆ ಚೀಲ ಬೇಕಿರಲಿಲ್ಲ, ಅಪ್ಪ ತಿರುಗಿ ತಂದರು. ಅಮ್ಮ ಅದನ್ನು ತೊಳೆದು ಎಣ್ಣೆ ಸವರಿ ಒಣಗಿಸಿ ತಮ್ಮ ಅಡಕತ್ತರಿಯನ್ನು ಅದರೊಳಗೆ ಇಟ್ಟರು. "ಇನ್ನ ಇದರಾಗಿಂದ ಹೊರಗ ಬಂದಿದ್ದು ಅಡಿಕಿ ಅಷ್ಟ ಕತ್ತರಸ್ಬೇಕು" ಅಂದರು. ಅಳತೆ ಮಾಡಿ ಹೊಲಿಸಿದಂತೆ ಅದು ಅದರಲ್ಲಿ ಕೂತಿತು, ಐವತ್ತು ವರ್ಷ ದಾಟಿತು, ಕೂತೇ ಇದೆ.

ಮೊಮ್ಮಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತನ್ನ ನೋಟುಬುಕ್ಕು ತಂದು ಲೈಸೆನ್ಸಿನ ಪುಟ ನೋಡಿ ಬರೆಯತೊಡಗಿದ. ಮುತ್ಯಾನ ಹೆಸರು, ಊರು, ವೆಬ್ಲಿ, ಐದು ಗುಂಡು, ಮೂರು ಅಂಕಿ, ಮುಂದೆ ಎರಡು ಖಾಲಿ ಚೌಕ. ಅದರ ಕೆಳಗೆ ಬಣವಿಯ ಕತೆಯನ್ನೂ ಬರೆದ. ಗೆಳೆಯನ ಹೆಸರು ಕೇಳಿದ, ಹೇಳಿದೆ. ತಾರೀಖು ಕೇಳಿದ.

"ತಾರೀಖು ನೆನಪಿಲ್ಲೋ. ಸುಗ್ಗಿ ಮುಗಿದಿತ್ತು."

"ಹಂಗ ಬರೀತೀನಿ," ಎಂದು ಸುಗ್ಗಿ ಮುಗಿದ ಮೇಲೆ, 1962 ಎಂದು ಬರೆದುಕೊಂಡ. ಅಷ್ಟರಲ್ಲಿ ಒಳಗಿನಿಂದ ಅವನ ಅಜ್ಜಿ, ಊಟ ಆಗಿ ಎಷ್ಟೊತ್ತಾಯಿತು, ಅಡಕತ್ತರಿ ಎಲ್ಲಿ ಒಯ್ದಿರಿ ಎಂದು ಕೂಗಿದಳು. ಹುಡುಗ ಅಡಕತ್ತರಿಯ ಮೇಲಿನ ವಿಭೂತಿ ಒರೆಸಿ, ಚೀಲಕ್ಕೆ ಹಾಕಿ, ಗುಂಡಿ ಬಿಗಿದು ಒಳಗೆ ಕೊಟ್ಟು ಬಂದ.